ಕಾಕಾ ಅವರ ಪೇಜ್‌ಮೇಕರ್‌ಗೊಂದು ಒಳಜಾಲ

ನಮ್ಮ ಕಾಕಾ ಲಗ್ನಪತ್ರಿಕೆ ಸಿದ್ಧಪಡಿಸುವುದು ಇಂದಿಗೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ, 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸಿದವು). ಎಲ್ಲ ಕಡೆ ಓದಿಸಿಕೊಳ್ಳುವ ಯೂನಿಕೋಡಿಗೆ ಬನ್ನಿ ಎಂದು ಹೇಳುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಗದಗಿನ ಎಷ್ಟೋ ಮನೆಗಳ ಲಗ್ನ, ಗೃಹಪ್ರವೇಶ, ಜಾತ್ರೆಯ ಕರಪತ್ರಗಳ ಕಡತಗಳೆಲ್ಲ ಆ ರೂಪದಲ್ಲೇ ಇವೆ. "ಅಣ್ಣನ ಲಗ್ನದ್ದೇ ತೆಗೆದು ಹೆಸರು ಬದಲಿಸಿ ಕೊಡಿ" ಎಂದು ಬರುವ ಗಿರಾಕಿಗೆ ಬೇಕಾದದ್ದು ಅವೇ. ಆದರೆ ಪೇಜ್‌ಮೇಕರ್ ಇರುವುದು ವಿಂಡೋಸ್ 7ರ ಮೇಲೆ, ಮತ್ತು ಸಾಮಾನ್ಯ ಬಳಕೆದಾರರಿಗೆ ಅದರ ಭದ್ರತಾ ಪರಿಷ್ಕರಣೆಗಳು 2020ರ ಜನವರಿಯಲ್ಲೇ ನಿಂತಿವೆ. 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದಾಗ ಹೆಚ್ಚಾಗಿ ಸಿಕ್ಕಿಬಿದ್ದದ್ದೂ ವಿಂಡೋಸ್ 7ರ ಯಂತ್ರಗಳೇ.

ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಕೈಕೊಟ್ಟ ಮೇಲೆ ಅದರ ಡಿಸ್ಕಿನ ಪ್ರತಿ ತೆಗೆದು ವರ್ಚುವಲ್ ಯಂತ್ರವಾಗಿಸಿ (ಒಂದು ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್), ಮಹಡಿ ಮೆಟ್ಟಿಲ ಕೆಳಗಿರುವ ನನ್ನ ಸಂಗ್ರಹ ಸರ್ವರ್‌ಗೆ ಏರಿಸಿದೆ. ಅದರಲ್ಲಿ ಸಂಗ್ರಹ ಸರ್ವರ್‌ಗಳಿಗೆಂದೇ ಇರುವ ಟ್ರೂನಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ, ವರ್ಚುವಲ್ ಯಂತ್ರಗಳನ್ನು ನಡೆಸುವುದು ಲಿನಕ್ಸ್‌ನ ಕೆವಿಎಂ. ಪಕ್ಕದಲ್ಲೇ ಡೆಬಿಯನ್ ಲಿನಕ್ಸ್‌ನ ಇನ್ನೊಂದು ವರ್ಚುವಲ್ ಯಂತ್ರವೂ ಇದೆ. ಆಸ್ಕಿ ಪಠ್ಯವನ್ನು ಯೂನಿಕೋಡ್ ಮಾಡಿ, ಹೆಸರು ಹೇಳಿದರೆ ಪತ್ರಿಕೆ ಹುಡುಕಿಕೊಡುವ ಕೆಲಸ ಅದರದು. ವಿಂಡೋಸ್‌ಗೆ ಸರ್ವರ್‌ನ ಕಡತಗಳ ಫೋಲ್ಡರ್ ಮತ್ತು ಈ ಡೆಬಿಯನ್ ಎರಡೇ ಕಾಣಬೇಕು. ಅಂತರ್ಜಾಲವಾಗಲಿ, ರೂಟರ್ ಆಗಲಿ, ಮನೆಯವರ ಮೊಬೈಲ್‌ಗಳಾಗಲಿ ಕಾಣಬಾರದು.

ವರ್ಚುವಲ್ ಯಂತ್ರವನ್ನು ನೇರವಾಗಿ ಸರ್ವರ್‌ನ ನಿಜವಾದ ನೆಟ್‌ವರ್ಕ್ ಕಾರ್ಡಿಗೆ ಅಂಟಿಸಿದರೆ ಆಗುವುದು ಇದರ ತದ್ವಿರುದ್ಧ. ಅದಕ್ಕೆ ಇಡೀ ಮನೆ ಕಾಣುತ್ತದೆ, ಅಂತರ್ಜಾಲ ಕಾಣುತ್ತದೆ, ತಾನು ಕುಳಿತಿರುವ ಸರ್ವರ್ ಮಾತ್ರ ಕಾಣುವುದಿಲ್ಲ! ಇದು ದೋಷವಲ್ಲ, ಹೀಗೆ ಅಂಟಿಸಲು ಬಳಕೆಯಾಗುವ ಮ್ಯಾಕ್‌ವಿಟ್ಯಾಪ್ ಎಂಬ ವ್ಯವಸ್ಥೆಯ ಸ್ವಭಾವ. ಯಂತ್ರ ಕಳುಹಿಸಿದ ಪೊಟ್ಟಣ (ಮಾಹಿತಿಯ ತುಣುಕು) ಸೀದಾ ತಂತಿಗೆ ಇಳಿದು, ಜಾಲದ ಯಂತ್ರಗಳನ್ನು ಜೋಡಿಸುವ ಸ್ವಿಚ್ ತಲುಪುತ್ತದೆ. ಬಂದ ಪೋರ್ಟಿನಿಂದಲೇ ಅದನ್ನು ವಾಪಸು ಕಳುಹಿಸುವುದು ಸ್ವಿಚ್‌ನ ಪದ್ಧತಿಯಲ್ಲ. ಹಾಗಾಗಿ ಸರ್ವರ್‌ಗೆ ಅದು ಮುಟ್ಟುವುದೇ ಇಲ್ಲ.

ನಾನು ಮಾಡಿದ್ದು ಒಂದು ಹೊಸ ಬ್ರಿಡ್ಜ್. ಬ್ರಿಡ್ಜ್ ಎಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇರುವ ಸ್ವಿಚ್. ಸಾಮಾನ್ಯವಾಗಿ ಅದಕ್ಕೆ ನಿಜವಾದ ಕಾರ್ಡೊಂದನ್ನು ಸೇರಿಸುತ್ತಾರೆ, ನಾನು ಯಾವುದನ್ನೂ ಸೇರಿಸಲಿಲ್ಲ. ಸರ್ವರ್‌ಗೆ 10.77.0.1, ವಿಂಡೋಸ್‌ಗೆ 10.77.0.10, ಡೆಬಿಯನ್‌ಗೆ 10.77.0.20 ಎಂದು ಕೈಯಿಂದಲೇ ವಿಳಾಸ ಕೊಟ್ಟೆ. ಮನೆಯ ಉಳಿದ ಜಾಲ 192.168ರಿಂದ ಶುರುವಾಗುವುದರಿಂದ ಎರಡೂ ಬೆರೆಯುವುದಿಲ್ಲ. ಟ್ರೂನಾಸ್‌ನಲ್ಲಿ ನನಗೆ ಇಷ್ಟವಾದ ಸಂಗತಿಯೊಂದಿದೆ: ಜಾಲದ ಬದಲಾವಣೆಯನ್ನು ಮೊದಲು ಪರೀಕ್ಷೆಗೆ ಹಾಕಬಹುದು. 60 ಸೆಕೆಂಡಿನೊಳಗೆ ನಾವು ಒಪ್ಪಿಗೆ ಒತ್ತದಿದ್ದರೆ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ. ಮೆಟ್ಟಿಲ ಕೆಳಗೆ ಮಾನಿಟರ್ ಹೊತ್ತು ನುಸುಳುವುದು ತಪ್ಪಿತು.

"ತಂತಿಯೇ ಇಲ್ಲದ ಮೇಲೆ ಇದು ಎಲ್ಲಿಯ ನೆಟ್‌ವರ್ಕ್, ತಂಗೀ?" ಎಂದರು ಕಾಕಾ.

"ಪಡಸಾಲೆಯಿಂದ ಅಡುಗೆಮನೆಗೆ ಹೋಗಲು ಓಣಿಗೇಕೆ ಇಳಿಯಬೇಕು, ಕಾಕಾ?" ಎಂದೆ. ಅವರಿಗೆ ಅಷ್ಟು ಸಾಕಾಯಿತು.

ವಿಂಡೋಸ್‌ನಲ್ಲಿ ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲು) ಮತ್ತು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಎರಡನ್ನೂ ಖಾಲಿ ಬಿಟ್ಟಿದ್ದೇನೆ. ಫೈರ್‌ವಾಲ್‌ನಲ್ಲಿ ನಿಯಮ ಬರೆದು ತಡೆಯುವುದಕ್ಕಿಂತ ದಾರಿಯನ್ನೇ ಕೊಡದಿರುವುದು ನನಗೆ ಹೆಚ್ಚು ಇಷ್ಟ. ನಿಯಮ ಯಾವುದೋ ಪರಿಷ್ಕರಣೆಯಲ್ಲಿ ಅಳಿಸಿಹೋಗಬಹುದು. ಡೆಬಿಯನ್‌ಗೆ ಮನೆಯ ಜಾಲದ ಕಡೆಗೂ ಒಂದು ಕಾರ್ಡ್ ಇದೆ, ಆದರೆ ಎರಡರ ನಡುವೆ ಪೊಟ್ಟಣ ದಾಟಿಸುವ ಐಪಿ ಫಾರ್ವರ್ಡಿಂಗ್ ಅದರಲ್ಲಿ ಮೊದಲಿನಿಂದಲೇ ಬಂದ್ ಇರುತ್ತದೆ.

ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ ಗುರುತು ಸಿಗದ ಜಾಲವೆಂದು ಬರೆದುಕೊಂಡು, ಸಾರ್ವಜನಿಕ ಸ್ಥಳದ ಕಟ್ಟುನಿಟ್ಟು ಹಾಕುತ್ತದೆ. ಆಗ ಡೆಬಿಯನ್‌ನಿಂದ ಪಿಂಗ್ ಮಾಡಿ 'ಇದ್ದೀಯಾ' ಎಂದು ಕೇಳಿದರೆ ಉತ್ತರವಿಲ್ಲ. ವಿಂಡೋಸ್ ತಾನಾಗಿ ಫೋಲ್ಡರ್ ತೆರೆಯುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಹಾಗಾಗಿ ಅದನ್ನು ಹಾಗೆಯೇ ಬಿಟ್ಟೆ. ಜಾಲದಲ್ಲಿ ಕಡತ ಹಂಚುವ ವಿಧಾನವಾದ ಎಸ್‌ಎಂಬಿಯ 2ನೇ ಆವೃತ್ತಿ ವಿಂಡೋಸ್ 7ಕ್ಕೆ ಬರುತ್ತದೆ. ಎಕ್ಸ್‌ಪಿ ಆಗಿದ್ದರೆ ವಾನಾಕ್ರೈ ನುಗ್ಗಿದ ಎಸ್‌ಎಂಬಿ 1ನ್ನು ಸರ್ವರ್‌ನಲ್ಲಿ ತೆರೆಯಬೇಕಾಗುತ್ತಿತ್ತು, ಅದಕ್ಕೆ ನಾನು ಸುತಾರಾಂ ಒಪ್ಪುತ್ತಿರಲಿಲ್ಲ. ಕಾರ್ಡಿನ ಬಗೆಯಾಗಿ ಡೆಬಿಯನ್‌ಗೆ ವರ್ಚುವಲ್ ಯಂತ್ರಗಳಿಗೆಂದೇ ಮಾಡಿದ ವೇಗದ ವರ್ಟ್‌ಐಒ ಕೊಟ್ಟೆ. ವಿಂಡೋಸ್‌ಗೆ ಹಳೆಯ ಇಂಟೆಲ್ ಕಾರ್ಡಿನ ಅನುಕರಣೆ ಸಾಕು, ಡ್ರೈವರ್ ಹುಡುಕುವ ಗೋಜಿಲ್ಲ. ಲಗ್ನಪತ್ರಿಕೆಯ ಕಡತಕ್ಕೆ ವೇಗ ಎಷ್ಟು ಬೇಕು?

ತಲೆ ತಿಂದದ್ದು ಬೇರೆಯೇ. ಎರಡೂ ಯಂತ್ರಗಳಿಗೆ ಸರ್ವರ್ ಸಿಗುತ್ತಿತ್ತು, ಆದರೆ ಡೆಬಿಯನ್‌ನಲ್ಲಿದ್ದ ಹುಡುಕಾಟದ ಪುಟ ವಿಂಡೋಸ್‌ನಲ್ಲಿ ತೆರೆಯುತ್ತಿರಲಿಲ್ಲ. ಸರ್ವರ್‌ನಲ್ಲಿ ಕಂಟೇನರ್‌ಗಳನ್ನು (ತಂತ್ರಾಂಶಗಳನ್ನು ಬೇರೆ ಬೇರೆಯಾಗಿ ಓಡಿಸುವ ಪೆಟ್ಟಿಗೆಗಳು) ನಡೆಸುವ ತಂತ್ರಾಂಶವೂ ಇತ್ತು. ಅಂಥದ್ದು ಬಂದಾಗ ಬ್ರಿಡ್ಜ್ ಒಳಗಿನ ಪೊಟ್ಟಣಗಳೂ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್ ಮೂಲಕ ಹಾಯುವಂತೆ ಆಗಬಹುದು, ಮುಂದೆ ಸಾಗಿಸುವ ಸರಪಳಿಯ ಮೂಲ ನಿಯಮ 'ಬಿಸಾಡು' ಎಂದಾಗಿರಬಹುದು. ಪೊಟ್ಟಣಗಳ ಓಡಾಟ ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ಪೊಟ್ಟಣ ಬ್ರಿಡ್ಜ್‌ಗೆ ಬರುತ್ತಿದೆ, ಆಚೆ ಬದಿಗೆ ಹೊರಡುತ್ತಿಲ್ಲ. ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಎಂಬ ಕರ್ನಲ್ ಆಯ್ಕೆಯನ್ನು ಸೊನ್ನೆ ಮಾಡಿದೊಡನೆ ಪುಟ ತೆರೆಯಿತು. ಸರ್ವರ್ ಮರಳಿ ಶುರುವಾದಾಗಲೂ ಅದು ಉಳಿಯುವಂತೆ ಸಂಯೋಜನೆಯಲ್ಲಿ ಬರೆದಿಟ್ಟಿದ್ದೇನೆ.

ಹೊರಜಾಲವಿಲ್ಲದ ಯಂತ್ರದ ಮೇಲೆ ಕಾಕಾ ಕೆಳಗಿನ ಮುದ್ರಣಾಲಯದಲ್ಲಿ ಕುಳಿತು ಕೆಲಸ ಮಾಡುವುದು ಹೇಗೆ ಎಂದು ಗೆಳತಿಯೊಬ್ಬಳು ಕೇಳಿದಳು. ಪರದೆಯನ್ನು ತೋರಿಸುವುದು ವಿಂಡೋಸ್ ಅಲ್ಲ, ಅದನ್ನು ಹೊತ್ತಿರುವ ಸರ್ವರ್. ಕಾಕಾ ಬ್ರೌಸರ್‌ನಲ್ಲಿ ಪರದೆ ತೆರೆದು ಕೀಲಿ ಒತ್ತುತ್ತಾರೆ. ವಿಂಡೋಸ್‌ಗೆ ಅದು ಎದುರಿಗಿಟ್ಟ ಕೀಬೋರ್ಡ್ ಎಂದೇ ಲೆಕ್ಕ. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಫೋಲ್ಡರ್‌ಗೆ ಬೀಳುತ್ತದೆ, ಅದನ್ನು ಮುದ್ರಣಾಲಯದ ಡೆಸ್ಕ್‌ಟಾಪ್ ಎತ್ತಿಕೊಳ್ಳುತ್ತದೆ. ಗಿರಾಕಿಗಳ ಪೆನ್‌ಡ್ರೈವ್‌ಗಳೂ ಆ ಡೆಸ್ಕ್‌ಟಾಪ್‌ಗಷ್ಟೇ.

ಈಗ ಅಪ್ಪನ ಲೆಕ್ಕಪತ್ರದ ವಿಂಡೋಸ್ ಕೂಡ ಸರ್ವರ್‌ಗೆ ಬರಲಿದೆ. ಜಿಎಸ್‌ಟಿ ಸಲ್ಲಿಸಬೇಕಾದ್ದರಿಂದ ಅದಕ್ಕೆ ಅಂತರ್ಜಾಲ ಬೇಕೇ ಬೇಕು. ಒಂದೇ ಬ್ರಿಡ್ಜ್‌ನಲ್ಲಿರುವ ಯಂತ್ರಗಳ ನಡುವೆ ತಡೆ ಇರುವುದಿಲ್ಲ, ಆದ್ದರಿಂದ ಅದನ್ನು ಕಾಕಾ ಅವರ ಜಾಲಕ್ಕೆ ಸೇರಿಸುವುದಿಲ್ಲ. ಅದಕ್ಕೆ ಬೇರೆಯೇ ಬ್ರಿಡ್ಜ್, ಬೇರೆಯೇ ಫೋಲ್ಡರ್.