ಬಿಎ ತರಗತಿಗೆ ಜಿಐಎಸ್: ಈ ಸೆಮಿಸ್ಟರ್ ಎಲ್ಲಿಯವರೆಗೆ ಬಂತು

ಕೋಲಾರ ಜಿಲ್ಲೆಯ ನಮ್ಮ ಪದವಿ ಕಾಲೇಜಿನ ಭೂಗೋಳ ವಿಭಾಗದಲ್ಲಿ ಜಿಐಎಸ್ (ಸ್ಥಳದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿಸಿ ವಿಶ್ಲೇಷಿಸುವ ವಿದ್ಯೆ) ಸರ್ಟಿಫಿಕೇಟ್ ಕೋರ್ಸ್ ಕಟ್ಟುವ ಕೆಲಸ ಅರ್ಧ ದಾರಿಗೆ ಬಂದಿದೆ. ಲ್ಯಾಬಿನ ಹಳೇ ಕಂಪ್ಯೂಟರುಗಳಿಗೆಲ್ಲ ಕ್ಯೂಜಿಐಎಸ್ ಎಂಬ ಉಚಿತ ಜಿಐಎಸ್ ತಂತ್ರಾಂಶ ಹಾಕಿಯಾಯಿತು, ಲೈಸೆನ್ಸ್ ಖರ್ಚಿಲ್ಲ. ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ ಐಐಆರ್‌ಎಸ್ ನಡೆಸುವ ಆನ್‌ಲೈನ್ ಕೋರ್ಸುಗಳಿಗೆ ಆಸಕ್ತರು ಹೆಸರು ಕೊಟ್ಟಿದ್ದಾರೆ. ಇದೆಲ್ಲ ಸಲೀಸಾಗಿ ಮುಗಿದ ಭಾಗ.

ತರಗತಿಗೆ ಜೀವ ಬಂದದ್ದು ಪ್ರೊಜೆಕ್ಷನ್ ಪಾಠದಲ್ಲಿ, ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪಾಠದಲ್ಲಿ. 78 ಡಿಗ್ರಿ ಪೂರ್ವ ರೇಖಾಂಶ ನಮ್ಮ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಅದರ ಪಶ್ಚಿಮಕ್ಕೆ ವಲಯ 43, ಪೂರ್ವಕ್ಕೆ 44. ಪ್ರತಿ ವಲಯದ ಲೆಕ್ಕ ಬೇರೆಯೇ. ಹಾಗಾಗಿ ಮಾಲೂರಿನ ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ) 8 ಲಕ್ಷ ಮೀಟರ್ ದಾಟಿದರೆ, ಪಕ್ಕದ ಕೋಲಾರ ಪಟ್ಟಣದ್ದು 1 ಲಕ್ಷ 90 ಸಾವಿರದ ಆಸುಪಾಸು. ಎರಡನ್ನೂ ಬೋರ್ಡಿನ ಮೇಲೆ ಬರೆದು ಕಾರಣ ಹುಡುಕಿ ಎಂದೆ. ಗ್ಲೋಬ್, ಟೇಪು, ಪೇಪರು ಎಲ್ಲ ಮೇಜಿಗೆ ಬಂದವು. ಆಮೇಲಿಂದ ಸಿಆರ್‌ಎಸ್, ಅಂದರೆ ನಕ್ಷೆ ಯಾವ ಅಳತೆ ಪದ್ಧತಿಯಲ್ಲಿದೆ ಎಂಬುದನ್ನು ನೋಡದೆ ಯಾರೂ ನಕ್ಷೆಯ ಲೇಯರ್ (ಪದರ) ತೆರೆಯುತ್ತಿಲ್ಲ.

ಮುಂದಿನದು ಕೆರೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಈ ಮಕ್ಕಳಿಗೆ ಗೊತ್ತಿರುವ ಸಂಗತಿ. ಅದರ ಹಿಂದುಮುಂದಿನ ವರ್ಷಗಳ ಸೆಂಟಿನೆಲ್-2 ಉಪಗ್ರಹ ಚಿತ್ರಗಳನ್ನು ಇಳಿಸಿಕೊಂಡು ಜಿಲ್ಲೆಯ ಕೆರೆಗಳ ನೀರಿನ ಹರವು ಅಳೆಯುತ್ತಿದ್ದೇವೆ. ಅದಕ್ಕೆ ಬಳಸುವ ಹಸಿರು ಬ್ಯಾಂಡ್ (ಹಸಿರು ಬೆಳಕಿನ ಚಿತ್ರ), ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ಎರಡೂ 10 ಮೀಟರ್ ರೆಸಲ್ಯೂಶನ್ನಿನವು, ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಚೌಕ. ನೀರು ಇನ್‌ಫ್ರಾರೆಡ್ ಹೀರಿಕೊಳ್ಳುತ್ತದೆ, ಗಿಡ ಪ್ರತಿಫಲಿಸುತ್ತದೆ; ಈ ವ್ಯತ್ಯಾಸದಿಂದಲೇ ನೀರನ್ನು ಗುರುತಿಸುವುದು. ತುಂಬಿದ ಕೆರೆಯೊಂದರ ಅಂಚು ಪರದೆಯಲ್ಲಿ ನೆಲದಂತೆ ಕಂಡಾಗ ಒಂದು ಗುಂಪು ಸ್ಥಳಕ್ಕೇ ಹೋಯಿತು. ಅಲ್ಲಿ ನೀರನ್ನು ಮುಚ್ಚಿ ಜೊಂಡು ಬೆಳೆದಿತ್ತು. ಅವರು ತಂದ ಫೋಟೋ, ಜಿಪಿಎಸ್ ಬಿಂದುಗಳಿಂದ ನಕ್ಷೆ ತಿದ್ದಿದೆವು. ಈ ಓಡಾಟವೇ ಕೋರ್ಸಿನ ತಿರುಳು ಎಂದು ನನ್ನ ನಂಬಿಕೆ.

ಉದ್ಯೋಗದ ದಾರಿ ಕಟ್ಟುವುದು ಇನ್ನೂ ಕಷ್ಟ. 2021ರಲ್ಲಿ ನಕ್ಷೆ ತಯಾರಿಕೆಯ ನಿಯಮ ಸಡಿಲವಾಯಿತು, 2022ರಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿಯೂ ಬಂತು. ಆದರೂ ಜಿಐಎಸ್ ಎಂದರೆ ಎಂಜಿನಿಯರುಗಳ ಕೆಲಸ, ನಮ್ಮದಲ್ಲ ಎಂದು ಬಿಎ ಹುಡುಗರು ಹಿಂದೆ ಸರಿಯುತ್ತಾರೆ. ಅವರ ಕೈಯಲ್ಲಿರುವ ಬಂಡವಾಳ ಅವರಿಗೇ ಗೊತ್ತಿಲ್ಲ. ಪಹಣಿ, ಹಿಸ್ಸಾ, ಪೋಡಿ ಎಂಬ ಜಮೀನು ದಾಖಲೆಯ ಮಾತು ಮನೆಯಲ್ಲೇ ಕೇಳಿ ಬೆಳೆದವರು ಇವರು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ, ಸರಪಳಿ ಉದ್ದಗಲದ ಚೌಕ ಒಂದು ಗುಂಟೆ: ಹಳೇ ಟಿಪ್ಪಣಿ (ಜಮೀನಿನ ಸರ್ವೇ ಅಳತೆಯ ದಾಖಲೆ) ಓದಲು ಬೇಕಾದ ಈ ಲೆಕ್ಕವನ್ನು ಒಂದು ತರಗತಿಯಲ್ಲಿ ಹಿಡಿದುಬಿಟ್ಟರು. ಗ್ರಾಮ ನಕಾಶೆ ಓದಿ, ಅದನ್ನು ಕ್ಯೂಜಿಐಎಸ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಬಲ್ಲವರು ಭೂದಾಖಲೆ ಕೆಲಸಕ್ಕೆ ಖಂಡಿತ ಬೇಕಾಗುತ್ತಾರೆ. ಅದಕ್ಕೇ ಸರ್ಟಿಫಿಕೇಟಿಗೆ ಪರೀಕ್ಷೆಯ ಜೊತೆ ಸ್ವಂತ ಊರಿನ ಒಂದು ಪೂರ್ಣ ನಕ್ಷೆ ಕಡ್ಡಾಯ ಮಾಡಿದ್ದೇನೆ. ಸಂದರ್ಶನಕ್ಕೆ ಹೋದಾಗ ಮೇಜಿನ ಮೇಲಿಡಲು ಅದು ಬೇಕು. ಮುಂದೆ ಓದುವವರಿಗೆ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಜಿಯೋಇನ್‌ಫಾರ್ಮ್ಯಾಟಿಕ್ಸ್ ಎಂಎಸ್ಸಿಯಂಥ ಕೋರ್ಸುಗಳ ಅರ್ಹತೆ ನೋಡಿಟ್ಟುಕೊಳ್ಳಲು ಹೇಳಿದ್ದೇನೆ.

ಬಾಕಿ ಇರುವುದು ಇಂಟರ್ನ್‌ಶಿಪ್. ಬೆಂಗಳೂರಿನ ಕೆಲವು ಕಂಪನಿಗಳಿಗೆ ಪತ್ರ ಹೋಗಿದೆ, ಉತ್ತರ ಬರಬೇಕು. ಮೊಬೈಲ್ ಜಿಪಿಎಸ್‌ನಲ್ಲಿ ಕೆಲವು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಗಡಿ ಗುರುತಿಸಲು ಅದು ಸಾಲದು. ಹಾಗಾಗಿ ಮುಂದಿನ ತಿಂಗಳು ಡಿಜಿಪಿಎಸ್ (ಹೆಚ್ಚು ನಿಖರವಾಗಿ ಅಳೆಯುವ ಜಿಪಿಎಸ್ ಉಪಕರಣ) ಇರುವ ಸರ್ವೇಯರ್ ಒಬ್ಬರನ್ನು ಕರೆಸಿ, ಮೂರು ಊರಿನ ಗಡಿ ಸೇರುವ ಕಲ್ಲಿನ ಬಳಿಯೇ ಪ್ರಾಯೋಗಿಕ ಪಾಠ ಇಟ್ಟುಕೊಂಡಿದ್ದೇವೆ.