ಮೆಟ್ಟಿಲು ಕಿತ್ತ ಲೇಖನ

ಎಂ.ಎ. ಎರಡನೇ ವರ್ಷದಲ್ಲಿ ಮಾನವ ಭೂಗೋಳದ ಈಚಿನ ಚರ್ಚೆಗಳ ಬಗ್ಗೆ ನಮಗೊಂದು ಪೇಪರ್ ಇತ್ತು. ನಕ್ಷೆ ಬರೆಯುವಂತಿಲ್ಲ, ಲೆಕ್ಕವಿಲ್ಲ, ಸುಮ್ನೆ ಓದಿ ಮಾತಾಡುವುದು ತಾನೇ ಅಂದುಕೊಂಡು ತೆಗೆದುಕೊಂಡೆ.

ಮೇಡಂ ಮೊದಲು ಓದಲು ಕೊಟ್ಟದ್ದು 2005ರ ಒಂದು ಲೇಖನ. ಸ್ಯಾಲಿ ಮಾರ್ಸ್ಟನ್, ಜಾನ್ ಪಾಲ್ ಜೋನ್ಸ್, ಕೀತ್ ವುಡ್‌ವರ್ಡ್ ಸೇರಿ ಬರೆದದ್ದು. ಸ್ಥಳೀಯ, ಪ್ರಾದೇಶಿಕ, ರಾಷ್ಟ್ರೀಯ, ಜಾಗತಿಕ ಅಂತ ನಾವು ಮೆಟ್ಟಿಲು ಜೋಡಿಸಿಕೊಂಡಿದ್ದೇವಲ್ಲ, ಆ 'ಸ್ಕೇಲ್' ಅನ್ನುವ ಕಲ್ಪನೆಯನ್ನೇ ಕೈಬಿಡೋಣ ಎಂಬುದು ಅವರ ವಾದ. ಸ್ಕೇಲ್ ಅಂದರೆ ನಕ್ಷೆಯ ಮೂಲೆಯಲ್ಲಿರುವ ಗೀಟು ಅಂತಷ್ಟೇ ಗೊತ್ತಿದ್ದ ನಾನು ಮೊದಲ ನಾಲ್ಕು ಪುಟಗಳನ್ನು ಅದೇ ಗುಂಗಿನಲ್ಲಿ ಓದಿದೆ. ನಗಬೇಡಿ.

ಸೆಮಿನಾರಿನಲ್ಲಿ ಆ ವಾದದ ಪರ ಮಾತಾಡುವ ಸರದಿ ನನ್ನದು. 'ಜಾಗತಿಕ' ಅನ್ನುವುದು ಮೇಲೆಲ್ಲೋ ತೇಲುತ್ತಿಲ್ಲ, ಬಂಡವಾಳದ ತೀರ್ಮಾನವೂ ಯಾವುದೋ ಕೋಣೆಯಲ್ಲಿ, ಯಾರದೋ ಮೇಜಿನ ಮೇಲೆ ಆಗುತ್ತದೆ ಅಂದೆ. ಅದನ್ನು ಮೇಲಿನ ಮೆಟ್ಟಿಲಿಗೆ ಏರಿಸಿದರೆ ಕೆಳಗಿನವರು ಬರೀ ಏಟು ತಿನ್ನುವವರಾಗಿಬಿಡುತ್ತಾರೆ ಅಂತಲೂ ಸೇರಿಸಿದೆ. ಸ್ವಲ್ಪ ಜಾಸ್ತಿಯೇ ಜೋರಾಗಿ.

"ಗಡಿಯಲ್ಲಿ ತಡೆದು ನಿಲ್ಲಿಸಿದವನ ಹತ್ರ ಹೋಗಿ, ರಾಷ್ಟ್ರ ಅನ್ನೋ ಮೆಟ್ಟಿಲೇ ಇಲ್ಲ ಅಂತ ಹೇಳ್ತೀಯಾ?" ಹಿಂದಿನ ಬೆಂಚಿನಿಂದ ಗೆಳತಿ ಕೇಳಿದಳು. ನನ್ನ ಬಾಯಿ ಕಟ್ಟಿತು. ಮೇಡಂ ಕಡೆ ನೋಡಿದೆ. ಅವರು ನೆರವಿಗೆ ಬರಲಿಲ್ಲ. "ಮುಂದಿನ ವಾರ ಇಬ್ಬರೂ ಪಕ್ಷ ಬದಲಾಯಿಸಿ" ಅಂದರು, ಅಷ್ಟೇ.

ಆ ವಾರವೇ ನಾನು ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ ಅವರನ್ನು ಓದಿದ್ದು. ನ್ಯೂಯಾರ್ಕಿನ ಮನೆಯಿಲ್ಲದವರಿಗಾಗಿ ಕಲಾವಿದನೊಬ್ಬ ರೂಪಿಸಿದ ತಳ್ಳುಗಾಡಿಯ ಬಗ್ಗೆ ಅವರು ಬರೆದಿದ್ದಾರೆ. ಗಾಡಿ ಇದ್ದರೆ ಒಂದು ಮೂಲೆಗೆ ಅಂಟಿಕೊಂಡಿದ್ದವರ ಓಡಾಟ ಊರಗಲ ಹಿಗ್ಗುತ್ತದೆ. ಸ್ಮಿತ್ ಪ್ರಕಾರ ಅದು ಸ್ಕೇಲ್ ದಾಟುವ ಜಿಗಿತ. ಮೆಟ್ಟಿಲು ಮನುಷ್ಯರೇ ಕಟ್ಟಿದ್ದು, ನಿಜ. ಗೋಡೆಯೂ ಹಾಗೇ ಅಲ್ವಾ? ಹಣೆಗೆ ತಾಗಿದರೆ ನೋಯುವುದಿಲ್ಲವೇ? ಈ ಸಲ ನಾನು ಹಾಗೆ ವಾದಿಸಿದೆ. ಗೆಳತಿ ನನ್ನ ಹಳೆಯ ವಾದವನ್ನು ನನಗಿಂತ ಚೆನ್ನಾಗಿ ಮಂಡಿಸಿದಳು. ಅದು ಈಗಲೂ ಸ್ವಲ್ಪ ಚುಚ್ಚುತ್ತದೆ.

ಆಮೇಲಿನ ವಾರಗಳಲ್ಲಿ ಇನ್ನೂ ಏನೇನೋ ಬಂದವು. ಸ್ಥಳಕ್ಕೆ ಬೇಲಿ ಇಲ್ಲ, ಅದು ಹೊರಗಿನ ನಂಟುಗಳಿಂದಲೇ ಆದದ್ದು ಎನ್ನುವ ಡೊರೀನ್ ಮ್ಯಾಸಿ ತಕ್ಷಣ ಇಷ್ಟವಾದರು. ಮಾತಿಗೆ ಸಿಗದ ದಿನನಿತ್ಯದ ನಡೆಗಳನ್ನೇ ಗಮನಿಸಬೇಕು ಎನ್ನುವ ನೈಜೆಲ್ ಥ್ರಿಫ್ಟ್ ನನಗೆ ಇವತ್ತಿಗೂ ಪೂರ್ತಿ ದಕ್ಕಿಲ್ಲ.

ಪರೀಕ್ಷೆಯಲ್ಲಿ ಎರಡೂ ಪಕ್ಷಗಳನ್ನು ಅಚ್ಚುಕಟ್ಟಾಗಿ ಬರೆದು ಪಾಸಾದೆ.

ಈಗ ಕೆಲಸದಲ್ಲಿ ವರದಿ ಬರೆಯುವಾಗ 'ಸ್ಥಳೀಯ ಮಟ್ಟದಲ್ಲಿ' ಅಂತ ಕೈ ತಾನಾಗಿಯೇ ಬರೆದುಬಿಡುತ್ತದೆ. ಅದನ್ನು ಹೊಡೆದುಹಾಕಿ ಯಾರು, ಯಾವ ಕೋಣೆಯಲ್ಲಿ ಕೂತು ತೀರ್ಮಾನಿಸಿದರು ಅಂತ ಬರೆಯಲು ಹೋಗುತ್ತೇನೆ. ಎಷ್ಟೋ ಸಲ ಅದು ನನಗೇ ಗೊತ್ತಿರುವುದಿಲ್ಲ. ಫೋನ್ ಎತ್ತಿ ವಿಚಾರಿಸಬೇಕಾಗುತ್ತದೆ.