ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಕರುಳಿನ ಉರಿಯೂತ ವಾಸಿಯಾಗುವುದಿಲ್ಲವೇ?

ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರುವವರ ಮನೆಯವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಿರೋಧಕ ಶಕ್ತಿ ಕುಂದಿದ್ದರಿಂದಲೇ ಕರುಳು ಹುಣ್ಣಾಗಿದೆ, ಆದ್ದರಿಂದ ಅಮೃತಬಳ್ಳಿಯ ಕಷಾಯವನ್ನೋ ಪೇಟೆಯ ಯಾವುದಾದರೂ ಪುಡಿಯನ್ನೋ ಕೊಟ್ಟರೆ ಸರಿಹೋದೀತು ಎಂಬುದು ಅವರ ಲೆಕ್ಕಾಚಾರ. ನನ್ನ ಉತ್ತರ: ಸರಿಹೋಗುವುದಿಲ್ಲ. ಈ ಕಾಯಿಲೆಗಳಲ್ಲಿ ಕರುಳನ್ನು ಗಾಯಗೊಳಿಸುತ್ತಿರುವುದೇ ರೋಗನಿರೋಧಕ ವ್ಯವಸ್ಥೆ, ಅದರಲ್ಲೂ ಮುಖ್ಯವಾಗಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು.

ಇದಕ್ಕೆ ನಾನು ಕೊಡುವ ಸಾಕ್ಷ್ಯ 1993ರದು. ರೋಗನಿರೋಧಕ ವಿಜ್ಞಾನಿ ಫಿಯೋನಾ ಪೌರೀ ಮತ್ತು ಸಂಗಡಿಗರು ಆರೋಗ್ಯವಂತ ಇಲಿಗಳಿಂದ ಸಿಡಿ4 ಎಂಬ ಬಗೆಯ ಟಿ ಕೋಶಗಳನ್ನು ತೆಗೆದು, ಅವುಗಳನ್ನು ಎರಡು ಪಾಲಾಗಿ ಬೇರ್ಪಡಿಸಿ, ತಮ್ಮದೇ ಟಿ ಕೋಶಗಳಿಲ್ಲದ ಇಲಿಗಳಿಗೆ ಚುಚ್ಚಿದರು. ಒಂದು ಪಾಲನ್ನು ಮಾತ್ರ ಪಡೆದ ಇಲಿಗಳು ಕೆಲವೇ ವಾರಗಳಲ್ಲಿ ತೂಕ ಕಳೆದುಕೊಂಡವು, ಅವುಗಳ ದೊಡ್ಡ ಕರುಳು ಉರಿಯೂತದಿಂದ ದಪ್ಪಗಾಯಿತು. ಎರಡನೆಯ ಪಾಲನ್ನೂ ಜೊತೆಗೆ ಪಡೆದವುಗಳಿಗೆ ಏನೂ ಆಗಲಿಲ್ಲ. ಎರಡೂ ಪಾಲು ಬಂದದ್ದು ಆರೋಗ್ಯವಂತ ಇಲಿಗಳಿಂದಲೇ ಎಂಬುದನ್ನು ಗಮನಿಸಬೇಕು. ಅಂದರೆ ಕರುಳನ್ನು ಕೆಡಿಸಬಲ್ಲ ಟಿ ಕೋಶಗಳು ನಮ್ಮೆಲ್ಲರಲ್ಲೂ ಇವೆ, ಅವುಗಳನ್ನು ತಡೆದು ಹಿಡಿಯುವ ನಿಯಂತ್ರಕ ಟಿ ಕೋಶಗಳೂ ಇವೆ. ಈ ತಡೆಗೆ ಬೇಕಾದ ಇಂಟರ್‌ಲ್ಯೂಕಿನ್-10 ಎಂಬ ಸಂದೇಶವನ್ನು ಗ್ರಹಿಸಲಾಗದಂತೆ ಮಾಡುವ ಆನುವಂಶಿಕ ದೋಷವಿದ್ದ ಮಕ್ಕಳಲ್ಲಿ, ಹುಟ್ಟಿದ ಮೊದಲ ವರ್ಷದೊಳಗೇ ತೀವ್ರವಾದ ಕರುಳಿನ ಉರಿಯೂತ ಕಾಣಿಸಿಕೊಂಡದ್ದು 2009ರಲ್ಲಿ ವರದಿಯಾಯಿತು.

ಸಾಮಾನ್ಯ ರೋಗಿಗಳಲ್ಲಿ ಕಾರಣ ಇಷ್ಟು ಸರಳವಾಗಿಲ್ಲ. ವಂಶವಾಹಿಗಳು, ಕರುಳಿನ ಬ್ಯಾಕ್ಟೀರಿಯಾ, ಧೂಮಪಾನದಂತಹ ಸಂಗತಿಗಳು ಸೇರಿ ಹಿಡಿತ ಸಡಿಲಗೊಳ್ಳುತ್ತದೆ. ಟಿ ಕೋಶಗಳು ಹೊರಸೂಸುವ ರಾಸಾಯನಿಕಗಳಿಂದ ಒಳಪದರ ಹರಿಯುತ್ತದೆ, ಹರಿದ ಜಾಗದಿಂದ ಬ್ಯಾಕ್ಟೀರಿಯಾ ಒಳನುಗ್ಗಿ ಇನ್ನಷ್ಟು ಟಿ ಕೋಶಗಳನ್ನು ಕೆರಳಿಸುತ್ತದೆ.

ಹಾಗಾದರೆ ಎಲ್ಲವನ್ನೂ ಅಡಗಿಸಿಬಿಟ್ಟರಾಯಿತಲ್ಲ ಎಂದರೆ, ಅದೂ ಸರಿಯಲ್ಲ. ಟಿಎಚ್17 ಎಂಬ ಬಗೆಯ ಟಿ ಕೋಶಗಳು ಸೂಸುವ ಇಂಟರ್‌ಲ್ಯೂಕಿನ್-17 ಅನ್ನು ತಡೆಯುವ ಸೆಕುಕಿನುಮ್ಯಾಬ್ ಎಂಬ ಔಷಧ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಒಳ್ಳೆಯ ಮದ್ದು. ಆದರೆ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಕ್ರೋನ್ಸ್‌ಗೆ ನಾಟಲಿಲ್ಲ, ಕೆಲವರಲ್ಲಿ ಕಾಯಿಲೆ ಉಲ್ಬಣಿಸಿತು. ಕರುಳಿನ ಒಳಪದರವನ್ನು ಗಟ್ಟಿಯಾಗಿ ಉಳಿಸುವುದರಲ್ಲೂ ಅದೇ ಇಂಟರ್‌ಲ್ಯೂಕಿನ್-17ರ ಪಾತ್ರವಿದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣತನದ ಔಷಧ ವೆಡೊಲಿಝುಮ್ಯಾಬ್. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ ಇದು ಟಿ ಕೋಶಗಳನ್ನು ಕೊಲ್ಲುವುದಿಲ್ಲ. ಅವು ರಕ್ತದಿಂದ ಕರುಳಿಗೆ ಇಳಿಯಲು ಬಳಸುವ ಹಿಡಿಕೆಯನ್ನಷ್ಟೇ ಮುಚ್ಚುತ್ತದೆ.

ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ರಾಸಾಯನಿಕವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಈ ಕಾಯಿಲೆಗಳಿಗೆ ಕೊಡುವಾಗ ನಮ್ಮ ದೇಶದಲ್ಲಿ ಎಚ್ಚರ ಹೆಚ್ಚು ಬೇಕು. ದೇಹದೊಳಗೆ ಸುಪ್ತವಾಗಿರುವ ಕ್ಷಯದ ಕ್ರಿಮಿಯನ್ನು ಅದುಮಿಡಲು ಟಿಎನ್‌ಎಫ್ ಅಗತ್ಯ, ಆದ್ದರಿಂದ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಸಾಲದ್ದಕ್ಕೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಒಂದೇ ಥರ ಇರುತ್ತವೆ. ಬಯಾಪ್ಸಿಯ ನಂತರವೂ ವೈದ್ಯರು ಹಿಂದೆಮುಂದೆ ನೋಡುವುದಕ್ಕೆ ಇದೇ ಕಾರಣ.

ಇನ್ನು ಕಷಾಯದ ವಿಷಯ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು, ಅದೂ ದೇಹದ ನಿರೋಧಕ ವ್ಯವಸ್ಥೆಯೇ ಮಾಡಿದಂತಹ ಹಾನಿಯನ್ನು, ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ನಿರೋಧಕ ವ್ಯವಸ್ಥೆಯನ್ನು ತಗ್ಗಿಸಲು ಈ ಕಾಯಿಲೆಗಳಲ್ಲಿ ಕೊಡುವ ಅಜಥಯೋಪ್ರಿನ್‌ನಂತಹ ಮಾತ್ರೆ ನುಂಗುತ್ತಿರುವವರು ಏನನ್ನೇ ಕುಡಿಯುತ್ತಿದ್ದರೂ ತಮ್ಮ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಆ ಮಾತ್ರೆಯಿಂದಲೂ ಯಕೃತ್ತಿಗೆ ತೊಂದರೆಯಾಗುವುದುಂಟು.